ಬಾಲ್ಡರ್ಸ್ ಗೇಟ್ 3ರ ಮಾಂಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಲ್ಡರ್ಸ್ ಗೇಟ್ 3 ವಿಡಿಯೋ ಗೇಮ್‌ನಲ್ಲಿ ಬರಿಗೈಯಲ್ಲಿ ಹೊಡೆದಾಡುವ ಕ್ಲಾಸ್ (ಪಾತ್ರದ ವರ್ಗ) ಮಾಂಕ್. ಅವನ ಬಗ್ಗೆ ಗೆಳೆಯರು ಮಾತಿನಲ್ಲೂ ಪತ್ರದಲ್ಲೂ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹೊಸಬರಿಗೆ ಬೇಕಾದದ್ದು ಮೇಲಿದೆ, ಲೆಕ್ಕಾಚಾರ ಕೆಳಗಿದೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು. ಕೆಲವು ಜಾಗ, ವ್ಯಾಪಾರಿ, ವಸ್ತುಗಳ ಹೆಸರು ಬರುತ್ತವೆ. ಕಥೆಯ ದೊಡ್ಡ ತಿರುವುಗಳನ್ನು ಮುಟ್ಟಿಲ್ಲ.

## ಶುರು ಮಾಡುವ ಮುಂಚೆ

ಬರಿಗೈಲಿ ಹೊಡೆಯೋನು ಕತ್ತಿ ಹಿಡಿದವನ ಮುಂದೆ ನಿಲ್ತಾನಾ?

ಧಾರಾಳವಾಗಿ ನಿಲ್ಲುತ್ತಾನೆ. ಮೊದಲ ಲೆವೆಲ್‌ನಲ್ಲಿ ಮಾಂಕ್‌ನ ಗುದ್ದಿನ ಪೆಟ್ಟು ಎಷ್ಟೆಂದು ತೀರ್ಮಾನಿಸಲು 4 ಮುಖದ ದಾಳ ಸಿಗುತ್ತದೆ. ಒಂದು ಕೈಯಲ್ಲಿ ಉದ್ದ ಕತ್ತಿ ಹಿಡಿದ ಫೈಟರ್‌ಗೆ 8 ಮುಖದ ದಾಳ. ಇಷ್ಟನ್ನೇ ನೋಡಿದರೆ ಮಾಂಕ್ ಬಡಪಾಯಿ ಅನ್ನಿಸುತ್ತಾನೆ. ಆದರೆ ಫೈಟರ್ ಒಂದು ಸಲ ಹೊಡೆಯುವ ಹೊತ್ತಿಗೆ ಮಾಂಕ್ ಮೂರು ಸಲ ಹೊಡೆಯಬಹುದು. ಒಂದು ಸರದಿಯಲ್ಲಿ ಒಂದು ಆಕ್ಷನ್ (ಮುಖ್ಯ ಕೆಲಸ), ಒಂದು ಬೋನಸ್ ಆಕ್ಷನ್ (ಚಿಕ್ಕ ಹೆಚ್ಚುವರಿ ಕೆಲಸ) ಸಿಗುತ್ತವೆ. ಆಕ್ಷನ್‌ನಲ್ಲಿ ಒಂದು, ಬೋನಸ್ ಆಕ್ಷನ್‌ನ ಫ್ಲರಿ ಆಫ್ ಬ್ಲೋಸ್ ಎಂಬ ಜೋಡಿ ಗುದ್ದಿನಲ್ಲಿ ಎರಡು. ಪ್ರತಿ ಏಟಿಗೂ ಡೆಕ್ಸ್ಟೆರಿಟಿಯ (ಚುರುಕುತನದ) +3 ಬೇರೆಯಾಗಿ ಸೇರುತ್ತದೆ. ಎಲ್ಲ ಏಟೂ ತಗುಲಿದರೆ ಮಾಂಕ್‌ಗೆ ಸರಾಸರಿ 16.5, ಆ ಫೈಟರ್‌ಗೆ 7.5. ಲೆವೆಲ್ ಏರಿದಂತೆ ದಾಳವೂ ದೊಡ್ಡದಾಗುತ್ತಾ 8 ಮುಖದವರೆಗೆ ಬರುತ್ತದೆ.

ಈ ಕ್ಲಾಸ್ ಮೊದಲು ಬಂದಿದ್ದು ಎಲ್ಲಿ?

ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಟೇಬಲ್ ಆಟದಲ್ಲಿ. 1975ರಲ್ಲಿ ಬಂದ 'ಬ್ಲ್ಯಾಕ್‌ಮೂರ್' ಪುರವಣಿಯಲ್ಲಿ ಮಾಂಕ್ ಮೊದಲ ಸಲ ಕಾಣಿಸಿಕೊಂಡ. ಬಾಲ್ಡರ್ಸ್ ಗೇಟ್ ಸರಣಿಗೆ ಅವನು ಬಂದದ್ದು 2000ದ ಎರಡನೇ ಆಟದಲ್ಲಿ. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ ಮೂರನೆಯದನ್ನು 2020ರ ಅಕ್ಟೋಬರ್‌ನಲ್ಲಿ ಅರ್ಲಿ ಆಕ್ಸೆಸ್‌ಗೆ (ಪೂರ್ತಿಯಾಗುವ ಮುಂಚಿನ ಮಾರಾಟಕ್ಕೆ) ಬಿಟ್ಟಾಗ ಮಾಂಕ್ ಇರಲಿಲ್ಲ. 2023ರ ಆಗಸ್ಟ್ 3ರಂದು ಪೂರ್ತಿ ಆಟ ಬಂದಾಗ 12ನೇ ಕ್ಲಾಸ್ ಆಗಿ ಸೇರಿಕೊಂಡ. ಕಾದವರಿಗೆ ಮೋಸವಾಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೊದಲ ಸಲ ಆಡ್ತಿದ್ದೀನಿ. ಮಾಂಕ್ ತಗೊಂಡ್ರೆ ಕಷ್ಟ ಆಗುತ್ತಾ?

ಇಲ್ಲ. ವಿಝರ್ಡ್ ಥರ ಮಂತ್ರಗಳ ಉದ್ದ ಪಟ್ಟಿ ಓದಬೇಕಿಲ್ಲ. ಈ ಆಟ ಕನ್ನಡದಲ್ಲಿ ಇಲ್ಲ, ಎಲ್ಲ ವಿವರಣೆಯನ್ನೂ ಇಂಗ್ಲಿಷ್‌ನಲ್ಲೇ ಓದಬೇಕು. ಹಾಗಾಗಿ ಓದುವುದು ಕಡಿಮೆ ಇರುವ ಕ್ಲಾಸ್ ಶುರುವಿಗೆ ತುಂಬ ಹಾಯಾಗಿರುತ್ತದೆ. ಆಯ್ಕೆ ತಪ್ಪಾಯಿತು ಅನ್ನಿಸಿದರೂ ಚಿಂತೆಯಿಲ್ಲ. ಆಟದ ಶುರುವಿನ ಪಾಳು ದೇಗುಲದ ನೆಲಮಾಳಿಗೆಯಲ್ಲಿ ವಿದರ್ಸ್ ಸಿಗುತ್ತಾನೆ. ಅವನಿಗೆ 100 ಚಿನ್ನದ ನಾಣ್ಯ ಕೊಟ್ಟರೆ ಕ್ಲಾಸ್, ಪಾಯಿಂಟ್ ಎಲ್ಲವನ್ನೂ ಮೊದಲಿನಿಂದ ಬದಲಿಸಬಹುದು. ಎಷ್ಟು ಸಲ ಬೇಕಾದರೂ.

ಯಾವ ರೇಸ್ (ಜನಾಂಗ) ಒಳ್ಳೇದು?

ನಿಮಗೆ ಇಷ್ಟವಾದದ್ದು. ಲೆಕ್ಕವೇ ಬೇಕು ಅಂದರೆ ವುಡ್ ಎಲ್ಫ್. ಉಳಿದ ಬಹುಪಾಲು ರೇಸ್‌ಗಳು ಒಂದು ಸರದಿಯಲ್ಲಿ 9 ಮೀಟರ್ ನಡೆದರೆ ಇವರು 10.5 ಮೀಟರ್ ನಡೆಯುತ್ತಾರೆ. ಎರಡನೇ ಲೆವೆಲ್‌ನಲ್ಲಿ ಮಾಂಕ್‌ಗೆ ಸಿಗುವ 3 ಮೀಟರ್ ಇದರ ಮೇಲೆ ಸೇರುತ್ತದೆ.

ಪಾಯಿಂಟ್ ಎಲ್ಲೆಲ್ಲಿ ಹಾಕಲಿ?

ಡೆಕ್ಸ್ಟೆರಿಟಿ 17, ವಿಸ್ಡಮ್ (ವಿವೇಕ) 16, ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) 14, ಸ್ಟ್ರೆಂತ್ (ಬಲ) 10, ಉಳಿದೆರಡು 8. ಆಟ ಕೊಡುವ 27 ಪಾಯಿಂಟ್, ಜೊತೆಗೆ +2 ಮತ್ತು +1 ಇಷ್ಟಕ್ಕೆ ಸರಿಯಾಗಿ ಹೊಂದುತ್ತವೆ. ಡೆಕ್ಸ್ಟೆರಿಟಿಯಿಂದ ಏಟು ತಗಲುತ್ತದೆ. ವಿಸ್ಡಮ್‌ನಿಂದ ನಿಮ್ಮ ವಿದ್ಯೆಗಳು ಶತ್ರುವಿನ ಮೇಲೆ ಹಿಡಿಯುತ್ತವೆ. ಎರಡೂ ಸೇರಿ ರಕ್ಷಣೆ ಕೊಡುತ್ತವೆ. ಕರಿಸ್ಮಾ 8 ಇದ್ದರೆ ಮಾತುಕತೆ ಕೆಡುತ್ತದೆ ಅಂತ ಹಲವರು ಹೆದರುತ್ತಾರೆ. ಮಾಂಕ್‌ಗೆಂದೇ ಬರೆದ ಸಂಭಾಷಣೆಗಳು ಆಟದಲ್ಲಿವೆ. ಉಳಿದ ಮಾತುಗಾರಿಕೆಯನ್ನು ತಂಡದಲ್ಲಿ ಬೇರೊಬ್ಬರಿಗೆ ಬಿಡಿ.

ಕವಚ ಹಾಕಬಾರದು ಸರಿ, ಶೀಲ್ಡ್ ಆದ್ರೂ ಹಿಡೀಬಹುದಾ?

ಅದೂ ಬೇಡ. ಕವಚ, ಗುರಾಣಿ ಎರಡೂ ಇಲ್ಲದಿದ್ದಾಗ ಮಾತ್ರ ಮಾಂಕ್‌ನ ಆರ್ಮರ್ ಕ್ಲಾಸ್ (ಏಟು ತಪ್ಪಿಸುವ ಸಂಖ್ಯೆ) ಲೆಕ್ಕ ಕೆಲಸ ಮಾಡುತ್ತದೆ: 10, ಅದಕ್ಕೆ ಡೆಕ್ಸ್ಟೆರಿಟಿ ಮತ್ತು ವಿಸ್ಡಮ್ ಮಾಡಿಫೈಯರ್ (ಆ ಅಂಕದಿಂದ ಸಿಗುವ ಕೂಡಿಕೆ; 16, 17ಕ್ಕೆ +3). ಮೇಲೆ ಹೇಳಿದ ಪಾಯಿಂಟ್‌ಗಳಲ್ಲಿ ಮೊದಲ ದಿನವೇ 16 ಬರುತ್ತದೆ. ಗುರಾಣಿ ಕೈಗೆತ್ತಿಕೊಂಡರೆ ಇದೂ ಹೋಗುತ್ತದೆ, ಬೋನಸ್ ಗುದ್ದು, ಹೆಚ್ಚುವರಿ ಓಟವೂ ಹೋಗುತ್ತವೆ. ಬಟ್ಟೆ, ನಿಲುವಂಗಿ ಹಾಕಬಹುದು. ಕೈಗವಸು, ಬೂಟು, ಶಿರಸ್ತ್ರಾಣ ಹಾಕುವ ಮುಂಚೆ ವಿವರಣೆ ಓದಿ. ಕೆಲವಕ್ಕೆ ಕವಚದ ಪ್ರಾವೀಣ್ಯ ಬೇಕಾಗುತ್ತದೆ, ಅಂಥವು ಮಾಂಕ್‌ಗೆ ತೊಂದರೆಯೇ.

ಕೈಯಲ್ಲಿ ಕೋಲು ಹಿಡಿದ್ರೆ ಮಾಂಕ್ ವಿದ್ಯೆ ಕೆಡುತ್ತಾ?

ಕೆಡುವುದಿಲ್ಲ. ಶುರುವಿನ ಲೆವೆಲ್‌ಗಳಲ್ಲಿ ಕೋಲು ಹಿಡಿಯುವುದೇ ಒಳ್ಳೆಯದು. ಎರಡೂ ಕೈಯಲ್ಲಿ ಹಿಡಿದ ಕ್ವಾರ್ಟರ್‌ಸ್ಟಾಫ್‌ಗೆ 8 ಮುಖದ ದಾಳ. ಆಕ್ಷನ್‌ನಲ್ಲಿ ಕೋಲೇಟು, ಬೋನಸ್ ಆಕ್ಷನ್‌ನಲ್ಲಿ ಒದೆತ. ಗುದ್ದಿನ ದಾಳ ದೊಡ್ಡದಾಗಿ, ಗುದ್ದಿಗೆಂದೇ ಇರುವ ಕೈಗವಸುಗಳು ಸಿಕ್ಕ ಮೇಲೆ ಕೋಲನ್ನು ಇಳಿಸಿಬಿಡಿ.

ಜೊತೆಗಾರರಲ್ಲಿ ಒಬ್ಬರೂ ಮಾಂಕ್ ಇಲ್ವಲ್ಲ?

ಕಥೆಯ ಜೊತೆಗಾರರಲ್ಲಿ ಇಲ್ಲ. ವಿದರ್ಸ್ ಬಳಿ ಬಾಡಿಗೆಗೆ ಸಿಗುವವರಲ್ಲಿ ಸಿನಾಝಿತ್ ಎಂಬ ಗಿತ್‌ಯಾಂಕಿ ಜನಾಂಗದ ಮಾಂಕ್ ಇದ್ದಾಳೆ. ಇಲ್ಲದಿದ್ದರೆ ನಿಮಗೆ ಬೇಕಾದ ಜೊತೆಗಾರರ ಕ್ಲಾಸನ್ನೇ ಬದಲಿಸಿ. ಕಥೆಯ ಜೊತೆಗಾರ್ತಿ ಲೇಝೆಲ್ ಮಾಂಕ್ ಆಗಿ ಚೆನ್ನಾಗಿ ಕಾಣುತ್ತಾಳೆ, ಅವಳ ಶಿಸ್ತಿಗೂ ಅದು ಒಪ್ಪುತ್ತದೆ.

## ಕಾಳಗದ ನಡುವೆ

ನನ್ನ ಮಾಂಕ್ ಎರಡೇ ಸುತ್ತಿಗೆ ಬಿದ್ದುಹೋಗ್ತಾನೆ. ಏನು ತಪ್ಪು ಮಾಡ್ತಿದ್ದೀನಿ?

ಬಹುಶಃ ಅವನನ್ನು ಫೈಟರ್ ಥರ ನಿಲ್ಲಿಸುತ್ತಿದ್ದೀರಿ. ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮಾಂಕ್‌ಗೆ ಮೊದಲ ಲೆವೆಲ್‌ನಲ್ಲಿ 8 ಮತ್ತು ಕಾನ್‌ಸ್ಟಿಟ್ಯೂಷನ್ ಸೇರಿದ ಹಿಟ್ ಪಾಯಿಂಟ್ (ಜೀವದ ಅಂಕ), ಆಮೇಲೆ ಪ್ರತಿ ಲೆವೆಲ್‌ಗೆ 5 ಮತ್ತು ಕಾನ್‌ಸ್ಟಿಟ್ಯೂಷನ್. ರೋಗ್ ಕ್ಲಾಸ್‌ಗೆ ಇರುವಷ್ಟೇ. ಬಾಗಿಲಲ್ಲಿ ನಿಂತು ನಾಲ್ಕು ಗಾಬ್ಲಿನ್‌ಗಳ ಏಟು ತಿನ್ನುವ ದೇಹ ಅದಲ್ಲ. ಅವನ ನಿಜವಾದ ಬಲ ಓಟದಲ್ಲಿದೆ. ಎರಡನೇ ಲೆವೆಲ್‌ಗೆ 3 ಮೀಟರ್ ಜಾಸ್ತಿ, ಆರಕ್ಕೆ 4.5, ಹತ್ತಕ್ಕೆ 6. ಎಲ್ಲರೂ ಮುಂದಿನ ಸಾಲಿನ ಜೊತೆ ಗುದ್ದಾಡುವಾಗ ಮಾಂಕ್ ಅವರನ್ನು ಬಳಸಿಕೊಂಡು ಹೋಗಿ ಹಿಂದೆ ನಿಂತ ಮಂತ್ರಗಾರನನ್ನೋ ಬಿಲ್ಲುಗಾರನನ್ನೋ ಹಿಡಿಯಬೇಕು. ಹಿಂದಿನ ಸಾಲಲ್ಲಿ ಒಬ್ಬಂಟಿಯಾಗಿ ಇರುವವನೇ ನಿಮ್ಮ ಗುರಿ.

ಆದ್ದರಿಂದ ಸರದಿ ಬಂದ ಕೂಡಲೇ ಹತ್ತಿರದವನನ್ನು ಗುದ್ದಬೇಡಿ. ಕ್ಯಾಮೆರಾ ಮೇಲೆತ್ತಿ ಮೈದಾನ ನೋಡಿ. ಯಾರು ಬದುಕಿದ್ದರೆ ಮುಂದಿನ ಸುತ್ತು ನಿಮಗೆ ಕೆಟ್ಟದಾಗುತ್ತದೆ? ಅವನವರೆಗೆ ಓಡಲು ಆಗುತ್ತದಾ? ಆಗುತ್ತದೆ ಅಂದರೆ ಹೋಗಿ. ಆಗುವುದಿಲ್ಲ ಅಂದರೆ ಶಾರ್ಟ್‌ಬೋದಿಂದ ಒಂದು ಬಾಣ ಬಿಟ್ಟು ಕಂಬದ ಹಿಂದೆ ನಿಲ್ಲಿ. ಸುತ್ತ ಶತ್ರುಗಳು ಮುತ್ತಿದರೆ ಒಂದು ಕಿ (ಮಾಂಕ್‌ನ ವಿದ್ಯೆಗಳಿಗೆ ಬೇಕಾಗುವ ಶಕ್ತಿ, ಫ್ಲರಿಗೂ ಒಂದು ಬೇಕು) ಖರ್ಚು ಮಾಡಿ ಪೇಷಂಟ್ ಡಿಫೆನ್ಸ್ ಬಳಸಿ. ಆಗ ನಿಮ್ಮ ಮೇಲೆ ಬೀಳುವ ಏಟುಗಳಿಗೆಲ್ಲ ಡಿಸ್‌ಅಡ್ವಾಂಟೇಜ್, ಅಂದರೆ ದಾಳ ಎರಡು ಸಲ ಉರುಳಿ ಚಿಕ್ಕ ಸಂಖ್ಯೆಯೇ ಲೆಕ್ಕಕ್ಕೆ. ಫ್ಲರಿ ಬಿಟ್ಟು ಇದನ್ನು ಒತ್ತುವುದಕ್ಕೆ ಮನಸ್ಸು ಬರುವುದಿಲ್ಲ, ನಿಜ. ಆದರೂ ಒತ್ತಿ.

ಕಿ ಯಾವಾಗ್ಲೂ ಖಾಲಿ. ಹೇಗೆ ಉಳಿಸೋದು?

ಉಳಿಸಬೇಡಿ, ಜಾಗ ನೋಡಿ ಖರ್ಚು ಮಾಡಿ. ಮೊದಲ ಲೆವೆಲ್‌ಗೆ 2 ಕಿ, ಆಮೇಲೆ ಲೆವೆಲ್‌ಗೊಂದು. 12ನೇ ಲೆವೆಲ್‌ಗೆ 13. ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) ಮಾಡಿದರೆ ಪೂರ್ತಿ ವಾಪಸ್ ಬರುತ್ತದೆ. ಒಂದು ಲಾಂಗ್ ರೆಸ್ಟ್‌ಗೆ (ರಾತ್ರಿಯ ಪೂರ್ತಿ ವಿಶ್ರಾಂತಿಗೆ) ಎರಡು ಶಾರ್ಟ್ ರೆಸ್ಟ್ ಸಿಗುತ್ತವೆ, ತಂಡದಲ್ಲಿ ಬಾರ್ಡ್ (ಹಾಡುಗಾರ) ಇದ್ದರೆ ಸಾಂಗ್ ಆಫ್ ರೆಸ್ಟ್‌ನಿಂದ ಇನ್ನೊಂದು. ಅಂದರೆ ಒಂದು ದಿನದಲ್ಲಿ ಮೂರು ನಾಲ್ಕು ಸಲ ಕಿ ತುಂಬುತ್ತದೆ. ಇಷ್ಟಿದ್ದೂ ಜನ ಲಾಂಗ್ ರೆಸ್ಟ್ ಬರುವವರೆಗೆ ಅರ್ಧ ಕಿ ಇಟ್ಟುಕೊಂಡೇ ಅಲೆಯುತ್ತಾರೆ. ಸಾಯಲಿರುವ ಶತ್ರುವಿಗೆ ಕಿ ಬೇಡದ ಮಾಮೂಲಿ ಬೋನಸ್ ಗುದ್ದು ಸಾಕು. ದೊಡ್ಡವನಿಗೆ ಮೊದಲ ಸುತ್ತಿನಲ್ಲೇ ಎಲ್ಲ ಸುರಿಯಿರಿ.

ಬೋನಸ್ ಆಕ್ಷನ್ ಯಾಕೆ ಸಾಕಾಗಲ್ಲ?

ಈ ಆಟದಲ್ಲಿ ಜಿಗಿಯುವುದಕ್ಕೂ, ಔಷಧಿ ಕುಡಿಯುವುದಕ್ಕೂ ಬೋನಸ್ ಆಕ್ಷನ್ನೇ ಬೇಕು. ಫ್ಲರಿಗೂ ಅದೇ ಬೇಕು. ಜಿಗಿದು ಶತ್ರುವಿನ ಹತ್ತಿರ ಬಂದಿರಿ ಅಂದರೆ ಎರಡು ಗುದ್ದು ಕಳೆದುಕೊಂಡಿರಿ. ಹಾಗಾಗಿ ನಡೆದು ತಲುಪುವ ದಾರಿ ಹುಡುಕಿ. ಔಷಧಿಯ ಕೆಲಸವನ್ನು ಕ್ಲೆರಿಕ್‌ಗೆ ಬಿಡಿ, ಅಥವಾ ಜೊತೆಗಾರರು ಔಷಧಿ ಬಾಟಲಿಯನ್ನು ನಿಮ್ಮ ಕಾಲ ಬಳಿ ಎಸೆಯಲಿ. ಒಡೆದು ಚಿಮ್ಮಿದರೂ ಗಾಯ ಮಾಯುತ್ತದೆ.

ಸ್ಟನ್ನಿಂಗ್ ಸ್ಟ್ರೈಕ್ ಯಾರ ಮೇಲೆ ಬಳಸಲಿ? ನನಗೆ ಹಿಡಿಯೋದೇ ಇಲ್ಲ.

ಐದನೇ ಲೆವೆಲ್‌ನಲ್ಲಿ ಸಿಗುವ, ಶತ್ರುವನ್ನು ಸ್ತಬ್ಧಗೊಳಿಸುವ ಈ ಏಟಿಗೆ ಅವನು ಕಾನ್‌ಸ್ಟಿಟ್ಯೂಷನ್ ಸೇವ್ (ದಾಳ ಉರುಳಿಸಿ ತಪ್ಪಿಸಿಕೊಳ್ಳುವ ಪರೀಕ್ಷೆ) ಮಾಡಬೇಕು. ದಪ್ಪ ದೇಹದ ಓಗರ್ ಮೇಲೆ ಬಳಸಿದರೆ ಹಿಡಿಯುವುದು ಕಷ್ಟ. ಮಂತ್ರಗಾರರ ಮೇಲೆ ಬಳಸಿ. ಶತ್ರು ಮುಟ್ಟಬೇಕಾದ ನಿಮ್ಮ ಕಡೆಯ ಸಂಖ್ಯೆ 8, ಅದಕ್ಕೆ ಪ್ರಾವೀಣ್ಯ ಮತ್ತು ವಿಸ್ಡಮ್ ಮಾಡಿಫೈಯರ್. ಐದನೇ ಲೆವೆಲ್‌ಗೆ ವಿಸ್ಡಮ್ 16 ಇದ್ದರೆ 14 ಆಗುತ್ತದೆ. ಹಿಡಿದರೆ ಶತ್ರು ತನ್ನ ಸರದಿಯಲ್ಲಿ ಏನೂ ಮಾಡಲಾರ, ಅವನ ಮೇಲಿನ ಏಟಿಗೆಲ್ಲ ನಿಮ್ಮ ತಂಡಕ್ಕೆ ಅಡ್ವಾಂಟೇಜ್ (ಎರಡು ದಾಳದಲ್ಲಿ ದೊಡ್ಡ ಸಂಖ್ಯೆ), ಅವನು ಕಾನ್‌ಸಂಟ್ರೇಷನ್‌ನಲ್ಲಿ ಹಿಡಿದಿದ್ದ ಮಂತ್ರವೂ ಮುರಿಯುತ್ತದೆ. ಒಂದು ಕಿಗೆ ಇಷ್ಟೆಲ್ಲ ಕೊಡುವ ಏಟು ಬೇರೆ ಯಾವ ಕ್ಲಾಸ್‌ಗೂ ಇಲ್ಲ ಅಂತಲೇ ನಾನು ನಂಬಿದ್ದೇನೆ. ಇದನ್ನು ಸರದಿಯ ಮೊದಲ ಏಟಾಗಿ ಹೊಡೆಯಿರಿ. ಕೊನೆಗೆ ಹೊಡೆದರೆ ಆ ಅಡ್ವಾಂಟೇಜ್ ನಿಮ್ಮ ಉಳಿದ ಏಟುಗಳಿಗೆ ಸಿಗುವುದಿಲ್ಲ.

ಬಾಣ ಹಿಡಿದು ವಾಪಸ್ ಎಸೀತಾನಂತೆ, ನನಗೆ ಒಂದ್ಸಲಾನೂ ಆಗಿಲ್ಲ.

ಅದು ಮೂರನೇ ಲೆವೆಲ್‌ನ ಡಿಫ್ಲೆಕ್ಟ್ ಮಿಸೈಲ್ಸ್. ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಮಾಡುವ ಪ್ರತಿಕ್ರಿಯೆ) ಪಟ್ಟಿ ತೆರೆದು ಅದು ಆನ್ ಇದೆಯಾ, ನಿಮ್ಮನ್ನು ಕೇಳುವಂತೆ ಇದೆಯಾ ನೋಡಿ. 10 ಮುಖದ ಒಂದು ದಾಳ, ಡೆಕ್ಸ್ಟೆರಿಟಿ, ಮಾಂಕ್ ಲೆವೆಲ್ ಮೂರನ್ನೂ ಕೂಡಿಸಿ ಅಷ್ಟು ಪೆಟ್ಟು ಕಡಿಮೆಯಾಗುತ್ತದೆ. ಪೆಟ್ಟು ಸೊನ್ನೆಗೆ ಬಂದಾಗ ಒಂದು ಕಿ ಕೊಟ್ಟರೆ ಬಾಣ ವಾಪಸ್ ಹೋಗುತ್ತದೆ. ಮಂತ್ರಗಳಿಗೆ ಇದು ನಡೆಯುವುದಿಲ್ಲ.

ಅಸ್ಥಿಪಂಜರಗಳ ಮೇಲೆ ಗುದ್ದು ಜಾಸ್ತಿ ಕೆಲಸ ಮಾಡುತ್ತೆ ಅಂತಾರೆ, ಹೌದಾ?

ಹೌದು. ಗುದ್ದು ಅಂದರೆ ಬ್ಲಡ್ಜನಿಂಗ್ (ಜಜ್ಜುವ) ಪೆಟ್ಟು, ಅಸ್ಥಿಪಂಜರಗಳಿಗೆ ಅದು ದುಪ್ಪಟ್ಟು. ಗ್ರಿಮ್‌ಫೋರ್ಜ್‌ನ ಲೋಹದ ದೈತ್ಯ ಗ್ರಿಮ್ ಕೂಡ ಲಾವಾದಲ್ಲಿ ಕಾದಿದ್ದಾಗ ಗುದ್ದಿಗೆ ಮೆತ್ತಗಾಗುತ್ತಾನೆ. ತಣ್ಣಗಿರುವಾಗ ಏನು ಮಾಡಿದರೂ ನಾಟುವುದಿಲ್ಲ. ಸಾಮಾನ್ಯ ಆಯುಧದ ಪೆಟ್ಟನ್ನು ತಡೆಯುವ ಶತ್ರುಗಳ ಚಿಂತೆ ಆರನೇ ಲೆವೆಲ್‌ಗೆ ಮುಗಿಯುತ್ತದೆ. ಅಲ್ಲಿಂದ ನಿಮ್ಮ ಗುದ್ದು ಮಾಯಾಶಕ್ತಿಯ ಪೆಟ್ಟು ಅಂತಲೇ ಲೆಕ್ಕ.

ಮೂರನೇ ಲೆವೆಲ್‌ಗೆ ಯಾವ ದಾರಿ ಆರಿಸ್ಕೊಳ್ಳಲಿ?

ದಾರಿ ಅಂದರೆ ಮಾಂಕ್‌ನ ಉಪಕ್ಲಾಸ್. ಮೊದಲ ಸಲ ಆಡುತ್ತಿದ್ದರೆ ಓಪನ್ ಹ್ಯಾಂಡ್. ಫ್ಲರಿಯ ಏಟಿನಿಂದಲೇ ಶತ್ರುವನ್ನು ಬೀಳಿಸಬಹುದು, ದೂರ ತಳ್ಳಬಹುದು, ಅವನ ರಿಯಾಕ್ಷನ್ ಕಿತ್ತುಕೊಳ್ಳಬಹುದು. ತಳ್ಳುವುದಂತೂ ಪ್ರಪಾತದ ಅಂಚಿನಲ್ಲಿ ಒಂದೇ ಏಟಿಗೆ ಕಾಳಗ ಮುಗಿಸುತ್ತದೆ. ಬಿದ್ದವನಿಂದ ಏನೂ ಎತ್ತಿಕೊಳ್ಳಲಾಗದು, ಅದೊಂದು ನಷ್ಟ. ಆರನೇ ಲೆವೆಲ್‌ಗೆ ಗಾಯ ಮಾಯಿಸಿ ಅರ್ಧ ಕಿ ತುಂಬುವ ಹೋಲ್‌ನೆಸ್ ಆಫ್ ಬಾಡಿ, ಪ್ರತಿ ಗುದ್ದಿಗೂ ಇನ್ನೊಂದು 4 ಮುಖದ ದಾಳ ಮತ್ತು ವಿಸ್ಡಮ್ ಪೆಟ್ಟು ಸೇರಿಸುವ ಮ್ಯಾನಿಫೆಸ್ಟೇಷನ್‌ಗಳು ಬರುತ್ತವೆ.

ಕದ್ದು ಹೋಗುವುದು ಇಷ್ಟವಿದ್ದರೆ ವೇ ಆಫ್ ಶ್ಯಾಡೋ. ನೆರಳಿನಿಂದ ನೆರಳಿಗೆ ಹಾರುವ ಶ್ಯಾಡೋ ಸ್ಟೆಪ್‌ಗೆ ಎರಡನೇ ಆಕ್ಟ್‌ನ (ಕಥೆಯ ಎರಡನೇ ಭಾಗದ) ಕತ್ತಲ ನಾಡು ಹೇಳಿ ಮಾಡಿಸಿದ ಜಾಗ. ಫೋರ್ ಎಲಿಮೆಂಟ್ಸ್ ನೋಡಲು ಚೆಂದ, ಬೆಂಕಿ, ನೀರು, ಗಾಳಿ ಎಲ್ಲ ಇದೆ. ಆದರೆ ಕಿಯನ್ನು ನುಂಗಿಹಾಕುತ್ತದೆ. ನಾನು ಹೊಸಬರಿಗೆ ಅದನ್ನು ಹೇಳುವುದಿಲ್ಲ.

ಕುಡುಕ ಮಾಂಕ್ ಬಂದಿದ್ದಾನಂತೆ?

2025ರ ಏಪ್ರಿಲ್‌ನಲ್ಲಿ ಬಂದ 8ನೇ ಪ್ಯಾಚ್ (ಆಟದ ಅಪ್‌ಡೇಟ್) ಪ್ರತಿ ಕ್ಲಾಸ್‌ಗೂ ಒಂದೊಂದು ಹೊಸ ಉಪಕ್ಲಾಸ್ ಕೊಟ್ಟಿತು. ಮಾಂಕ್‌ಗೆ ಬಂದದ್ದು ಡ್ರಂಕನ್ ಮಾಸ್ಟರ್. ಮದ್ಯ ಕುಡಿದು ಕಿ ತುಂಬಿಕೊಳ್ಳುತ್ತಾನೆ, ಶತ್ರುವಿಗೂ ಅಮಲೇರಿಸುತ್ತಾನೆ, ಅಮಲೇರಿದವರ ಎದುರು ಅವನ ಏಟೂ ರಕ್ಷಣೆಯೂ ಸುಧಾರಿಸುತ್ತವೆ. ಆಟದ ತುಂಬ ಬೇಡದ ಬಾಟಲಿಗಳು ಬಿದ್ದಿರುತ್ತವಲ್ಲ, ಅವಕ್ಕೆಲ್ಲ ಬೆಲೆ ಬಂದಿದೆ.

## ಲೆಕ್ಕ ಹಾಕುವವರಿಗೆ

ಎಲ್ರೂ ಟ್ಯಾವರ್ನ್ ಬ್ರಾಲರ್ ಅಂತಾರೆ. ಅಷ್ಟು ದೊಡ್ಡದೇನಿದೆ ಅದರಲ್ಲಿ?

ಅದು ನಾಲ್ಕನೇ ಲೆವೆಲ್‌ನಲ್ಲಿ ತಗೊಳ್ಳಬಹುದಾದ ಒಂದು ಫೀಟ್, ಅಂದರೆ ವಿಶೇಷ ಸಾಮರ್ಥ್ಯ. ಗುದ್ದು ಮತ್ತು ಎಸೆತಕ್ಕೆ ಸ್ಟ್ರೆಂತ್ ಮಾಡಿಫೈಯರ್ ಎರಡು ಸಲ ಸೇರುತ್ತದೆ, ಏಟು ತಗಲುವ ದಾಳಕ್ಕೂ, ಪೆಟ್ಟಿಗೂ. ಜೊತೆಗೆ ಹಿಲ್ ಜೈಂಟ್ ಸ್ಟ್ರೆಂತ್ ಎಲಿಕ್ಸರ್ ಕುಡಿದರೆ ಮುಂದಿನ ಲಾಂಗ್ ರೆಸ್ಟ್‌ವರೆಗೆ ಸ್ಟ್ರೆಂತ್ 21. ಅಂದರೆ +5, ಎರಡು ಸಲ ಸೇರಿ +10.

ಐದನೇ ಲೆವೆಲ್‌ನ ಲೆಕ್ಕ ನೋಡಿ. ಆ ಹೊತ್ತಿಗೆ ಆಕ್ಷನ್‌ನಲ್ಲೇ ಎರಡು ಏಟು, ಫ್ಲರಿ ಸೇರಿ ನಾಲ್ಕು, ದಾಳ 6 ಮುಖದ್ದು. ಡೆಕ್ಸ್ಟೆರಿಟಿ 18 ಇರುವ ಮಾಂಕ್‌ನ ಏಟಿಗೆ +7, ನಾಲ್ಕು ಗುದ್ದೂ ತಗುಲಿದರೆ ಸರಾಸರಿ 30. ಎಲಿಕ್ಸರ್ ಕುಡಿದ ಟ್ಯಾವರ್ನ್ ಬ್ರಾಲರ್‌ನ ಏಟಿಗೆ +13, ನಾಲ್ಕು ಗುದ್ದಿಗೆ 54. ಗುರಿ ತಪ್ಪುವುದೇ ಅಪರೂಪವಾಗುವುದರಿಂದ ನಿಜವಾದ ಅಂತರ ಇನ್ನೂ ದೊಡ್ಡದು.

ಎಲಿಕ್ಸರ್‌ಗಳನ್ನು ಎಮರಾಲ್ಡ್ ಗ್ರೋವ್‌ನ ಆಂಟಿ ಎಥೆಲ್ ಮಾರುತ್ತಾಳೆ, ಅಂಡರ್‌ಡಾರ್ಕ್‌ನಲ್ಲಿ ಡೆರಿತ್ ಬೋನ್‌ಕ್ಲೋಕ್ ಮಾರುತ್ತಾಳೆ. ಲಾಂಗ್ ರೆಸ್ಟ್ ಆದ ಮೇಲೆ ಅಂಗಡಿಗೆ ಹೊಸ ಸರಕು ಬರುತ್ತದೆ. ಒಮ್ಮೆಗೆ ಒಂದೇ ಎಲಿಕ್ಸರ್ ಮೈಯಲ್ಲಿ ನಿಲ್ಲುತ್ತದೆ ಅನ್ನುವುದು ನೆನಪಿರಲಿ. ಮೂರನೇ ಆಕ್ಟ್ ಹೊತ್ತಿಗೆ ಕ್ಲೌಡ್ ಜೈಂಟ್ ಎಲಿಕ್ಸರ್ ಸಿಗುತ್ತದೆ, ಅದು ಸ್ಟ್ರೆಂತನ್ನು 27ಕ್ಕೆ ಏರಿಸುತ್ತದೆ.

ಹಾಗಾದ್ರೆ ಮೊದಲಿಂದಲೇ ಅದನ್ನೇ ಮಾಡ್ಲಾ?

ಮೊದಲ ಆಟದಲ್ಲಿ ಬೇಡ ಅನ್ನುತ್ತೇನೆ. ಇದು ನನ್ನ ಗಟ್ಟಿ ಅಭಿಪ್ರಾಯ. ಎರಡು ಸುತ್ತಿಗೆ ಎಲ್ಲರೂ ಸತ್ತುಬಿದ್ದರೆ ಯಾರನ್ನು ಮೊದಲು ತಲುಪಬೇಕು, ಯಾವಾಗ ಸ್ಟನ್ ಮಾಡಬೇಕು, ಯಾವಾಗ ಹಿಂದೆ ಸರಿಯಬೇಕು ಅನ್ನುವ ಯೋಚನೆಯೇ ಬೇಕಾಗುವುದಿಲ್ಲ. ಮಾಂಕ್ ಆಡುವುದರ ಖುಷಿ ಆ ಯೋಚನೆಯಲ್ಲೇ ಇದೆ. ಮೊದಲ ಆಕ್ಟ್ ಪೂರ್ತಿ ಡೆಕ್ಸ್ಟೆರಿಟಿ ಮತ್ತು ವಿಸ್ಡಮ್‌ನಲ್ಲಿ ಆಡಿ ನೋಡಿ. ಆಮೇಲೆ ಬೇಕಾದರೆ ವಿದರ್ಸ್ ಇದ್ದಾನೆ.

ಬದಲಿಸಿದಾಗಲೂ ವಿಸ್ಡಮ್ ಕಿತ್ತುಹಾಕಬೇಡಿ. ಎಲಿಕ್ಸರ್ ಇರುವುದರಿಂದ ಸ್ಟ್ರೆಂತ್ 8 ಇದ್ದರೂ ನಡೆಯುತ್ತದೆ. ಆದರೆ ಬೀಳಿಸುವುದು, ಸ್ಟನ್ ಮಾಡುವುದು, ಆರ್ಮರ್ ಕ್ಲಾಸ್ ಎಲ್ಲಕ್ಕೂ ವಿಸ್ಡಮ್ ಬೇಕು. ಕಾನ್‌ಸ್ಟಿಟ್ಯೂಷನ್ 15 ಇಟ್ಟರೆ ಟ್ಯಾವರ್ನ್ ಬ್ರಾಲರ್ ಕೊಡುವ +1ರಿಂದ ಅದು 16 ಆಗುತ್ತದೆ.

ಥೀಫ್‌ನಲ್ಲಿ ಮೂರು ಲೆವೆಲ್ ಯಾಕೆ ತಗೋತಾರೆ?

ಫಾಸ್ಟ್ ಹ್ಯಾಂಡ್ಸ್‌ಗೋಸ್ಕರ. ಒಂದೇ ಪಾತ್ರದ ಲೆವೆಲ್‌ಗಳನ್ನು ಎರಡು ಕ್ಲಾಸ್‌ಗೆ ಹಂಚಬಹುದು, ಥೀಫ್ ಅನ್ನೋದು ರೋಗ್‌ನ ಉಪಕ್ಲಾಸ್. ರೋಗ್‌ನ ಮೂರನೇ ಲೆವೆಲ್‌ನಲ್ಲಿ ಥೀಫ್ ಆರಿಸಿದರೆ ಇನ್ನೊಂದು ಬೋನಸ್ ಆಕ್ಷನ್ ಸಿಗುತ್ತದೆ, ಅಂದರೆ ಇನ್ನೊಂದು ಫ್ಲರಿ. ಒಂದೇ ಸರದಿಯಲ್ಲಿ ಎರಡು ಕಿಗೆ ಆರು ಏಟು. ಮಾಂಕ್ 9, ಥೀಫ್ 3 ಮಾಡಿದರೆ 10 ಕಿ ಉಳಿಯುತ್ತದೆ, ಮೂರನೇ ಫೀಟ್ ಹೋಗುತ್ತದೆ. ಮಾಂಕ್ 8, ಥೀಫ್ 4 ಮಾಡಿದರೆ ಮೂರೂ ಫೀಟ್ ಸಿಗುತ್ತವೆ. ನನಗೆ ಮೊದಲನೆಯದೇ ಇಷ್ಟ, ಒಂಬತ್ತನೇ ಲೆವೆಲ್‌ನಲ್ಲಿ ಬರುವ ಉದ್ದ ಜಿಗಿತವನ್ನು ಬಿಡಲು ಮನಸ್ಸಿಲ್ಲ. ಮಾಂಕ್ 6 ಮುಗಿಯುವ ಮುಂಚೆ ಮಾತ್ರ ಆ ಕಡೆ ಹೋಗಬೇಡಿ.

ಯಾವ ವಸ್ತುಗಳನ್ನು ಬಿಡಲೇಬಾರದು?

ಶುರುವಿಗೆ ಬ್ರೇಸರ್ಸ್ ಆಫ್ ಡಿಫೆನ್ಸ್. ಕವಚ ಇಲ್ಲದವರಿಗೆ ಆರ್ಮರ್ ಕ್ಲಾಸ್ +2. ರೋಸಿಮಾರ್ನ್ ಹಾದಿಯ ಲೇಡಿ ಎಸ್ತರ್ ಬಳಿ ಗ್ರೇಸ್‌ಫುಲ್ ಕ್ಲಾತ್ ಇದೆ, ಡೆಕ್ಸ್ಟೆರಿಟಿಯನ್ನು 2 ಏರಿಸುತ್ತದೆ. ಎಲಿಕ್ಸರ್ ಇಲ್ಲದೆ ಆಡುವವರಿಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಆ ಹೊತ್ತಿಗೆ ಸಿಗುವುದಿಲ್ಲ. ಮೂರನೇ ಆಕ್ಟ್‌ನಲ್ಲಿ ಎರಡು ಮುಖ್ಯ. ಬೂಟ್ಸ್ ಆಫ್ ಅನ್‌ಇನ್‌ಹಿಬಿಟೆಡ್ ಕುಶಿಗೋ ಗುದ್ದಿಗೆ ವಿಸ್ಡಮ್ ಪೆಟ್ಟು ಸೇರಿಸುತ್ತದೆ. ಹೌಸ್ ಆಫ್ ಹೋಪ್‌ನಲ್ಲಿ ಸಿಗುವ ಗ್ಲವ್ಸ್ ಆಫ್ ಸೋಲ್ ಕ್ಯಾಚಿಂಗ್ ಪ್ರತಿ ಗುದ್ದಿಗೂ 10 ಮುಖದ ಒಂದು ದಾಳದಷ್ಟು ಫೋರ್ಸ್ ಪೆಟ್ಟು ಸೇರಿಸುತ್ತದೆ. ಆರು ಏಟಿಗೆ ಆರು ದಾಳ, ಲೆಕ್ಕ ನೀವೇ ಹಾಕಿ.

ಗ್ರಿಮ್‌ಫೋರ್ಜ್‌ನ ಸೆಂಟಿಯೆಂಟ್ ಅಮ್ಯುಲೆಟ್ ಬಗ್ಗೆ ಬೇರೆಯಾಗಿ ಹೇಳಬೇಕು. ಅದರೊಳಗೆ ಶಾಪಕ್ಕೆ ಸಿಕ್ಕ ಒಬ್ಬ ಮಾಂಕ್‌ನ ಆತ್ಮ ಇದೆ. ತಾಯಿತ ಕಿ ತುಂಬಿಕೊಡುತ್ತದೆ, ಅದು ಸರಿ. ಆದರೆ ಆ ಆತ್ಮದ ಜೊತೆ ಮಾತಾಡಿ, ಅವನು ಕೇಳುವ ಕೆಲಸವನ್ನು ಬಾಲ್ಡರ್ಸ್ ಗೇಟ್ ನಗರದವರೆಗೂ ಒಯ್ಯಿರಿ. ಮಾಂಕ್ ಆಗಿ ಆಡುವವರಿಗೆ ಈ ಆಟ ಕೊಡುವ ಅತ್ಯಂತ ಹತ್ತಿರದ ಕಥೆ ಅದು.

ಟೇಬಲ್ ಆಟದ ಹೊಸ ಪುಸ್ತಕದಲ್ಲಿ ಕಿ ಅನ್ನೋದೇ ಇಲ್ವಲ್ಲ, ಇಲ್ಲೂ ಬದಲಾಗುತ್ತಾ?

2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಅದು ಫೋಕಸ್ ಪಾಯಿಂಟ್ ಆಗಿದೆ, ಗುದ್ದಿನ ದಾಳವೂ 6 ಮುಖದಿಂದಲೇ ಶುರುವಾಗುತ್ತದೆ. ಬಾಲ್ಡರ್ಸ್ ಗೇಟ್ 3 ನಿಂತಿರುವುದು 2014ರ ಐದನೇ ಆವೃತ್ತಿಯ ನಿಯಮಗಳ ಮೇಲೆ. 8ನೇ ಪ್ಯಾಚ್‌ನಲ್ಲೂ ಕಿ ಹಾಗೆಯೇ ಇದೆ. ಟೇಬಲ್‌ನಿಂದ ಬಂದವರು ಇನ್ನೊಂದು ವ್ಯತ್ಯಾಸ ಗಮನಿಸಿ. ಅಲ್ಲಿನ ಹಳೆಯ ನಿಯಮದಲ್ಲಿ ಮೊದಲು ಆಕ್ಷನ್‌ನಲ್ಲಿ ಹೊಡೆದ ಮೇಲಷ್ಟೇ ಫ್ಲರಿ. ಇಲ್ಲಿ ಫ್ಲರಿಯನ್ನೇ ಮೊದಲು ಹೊಡೆಯಬಹುದು. ಓಪನ್ ಹ್ಯಾಂಡ್ ಆಗಿದ್ದರೆ ಫ್ಲರಿಯಿಂದ ಶತ್ರುವನ್ನು ಕೆಡವಿ, ಆಮೇಲೆ ಬಿದ್ದವನ ಮೇಲೆ ಆಕ್ಷನ್‌ನ ಏಟುಗಳನ್ನು ಅಡ್ವಾಂಟೇಜ್‌ನಲ್ಲಿ ಹೊಡೆಯಿರಿ.